ಗಾಣದ ಓಣಿಗೆ ಬಂದ ಹೊಸ ಶಬ್ದ

"ಏ... ಏ! ಏಳ್ರಿ ಅಲ್ಲಿಂದ!"

ಸಾತವ್ವ ಕೂಗಿದ್ದು ಕೇಳಿ ಆತ ತಲೆಯೆತ್ತಿದನೇ ಹೊರತು ಏಳಲಿಲ್ಲ. ಗಾಣದ ಸುತ್ತ ಎತ್ತು ತಿರುಗುವ ಹಾದಿಯ ನಟ್ಟನಡುವೆ ಕುಕ್ಕರುಗಾಲಲ್ಲಿ ಕುಳಿತು ಅಳತೆಯ ಟೇಪನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಅದಕ್ಕೇನು ಗೊತ್ತು, ಮುಂದೆ ಮನುಷ್ಯನಿದ್ದಾನೆಂದು!

ಕೈಯಲ್ಲಿದ್ದ ಕುಸುಬಿಯ ಬುಟ್ಟಿ ಬಿಸಾಡಿ ಓಡಿದ ಸಾತವ್ವ ಆತನ ತೋಳು ಹಿಡಿದು ಜಗ್ಗಿದಳು. ಇಬ್ಬರೂ ಹೋಗಿ ಹಿಂಡಿಯ ರಾಶಿಯ ಮೇಲೆ ಬಿದ್ದರು. ಎತ್ತು ಏನೂ ಆಗಿಲ್ಲವೆಂಬಂತೆ ಅವರ ಕಾಲ ಬಳಿಯೇ ದಾಟಿ ಹೋಯಿತು.

ಅವನ ತೋಳು ಇನ್ನೂ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಅರಿವಾಯಿತು. ತಟ್ಟನೆ ಬಿಟ್ಟಳು.

"ಕಣ್ಣ ಕಟ್ಟಿದ್ದು ಎತ್ತಿಗೋ, ನಿಮಗೋ?"

"ತಪ್ಪಾತ್ರಿ... ಬಾಗಲದಾಗ ನಿಂತು ಕೂಗಿದೆ. ಗಾಣದ ಸಪ್ಪಳದಾಗ ಯಾರಿಗೂ ಕೇಳಸಲಿಲ್ಲ," ಎಂದು ಆತ ಅಂಗಿಗೆ ಹತ್ತಿದ ಹಿಂಡಿ ಕೊಡವಿಕೊಂಡ. ಆಮೇಲೆ ಅಷ್ಟೇ ಗಂಭೀರವಾಗಿ ಕೇಳಿದ. "ಒಂದ ಮಾತು ಹೇಳ್ರಿ. ಇದು ಮನಿಯೋ, ಕಾರ್ಖಾನಿಯೋ?"

ಸತ್ತು ಬದುಕಿದವನು ಕೇಳುವ ಪ್ರಶ್ನೆಯೇ ಇದು! ಸಾತವ್ವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಅದು ೧೯೩೮ನೇ ಇಸವಿ. ಜಲಪಾತದ ಬಳಿಯ ಫಾಲ್ಸಿನ ನೂಲಿನ ಗಿರಣಿಯ ಕೆಲಸಕ್ಕೆಂದು ಬರುವವರಿಂದ ಗೋಕಾಕದ ಓಣಿಗಳು ತುಂಬುತ್ತಿದ್ದವು. ಹೀಗೇ ಬಿಟ್ಟರೆ ಮಲಗುವ ಮನೆಯ ಮಗ್ಗುಲಿಗೇ ಎಂಜಿನ್ನು ಎದ್ದು ನಿಂತೀತು ಎಂದು ಪುರಸಭೆಯವರು ಊರನ್ನು ಎರಡು ಭಾಗ ಮಾಡಲು ಹೊರಟಿದ್ದರು. ಒಂದು ವಸತಿಗೆ, ಇನ್ನೊಂದು ಉದ್ಯೋಗಕ್ಕೆ. ಹೊಸ ನಿಯಮದಲ್ಲಿ ಬರುವ ಪ್ರತಿ ಶಬ್ದಕ್ಕೂ ಯಾರೂ ತಿರುಚಲಾಗದಂಥ ಒಂದೇ ಅರ್ಥ ಇರಬೇಕಿತ್ತು. ಆ ಅರ್ಥಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ಬೆಲ್ಲದ ಬಾಗೇವಾಡಿಯಿಂದ ಬಂದ ಈ ಗುಮಾಸ್ತನದು. ಹೆಸರು ಶೆಟ್ಟೆಪ್ಪ.

ಇದೆಲ್ಲ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ದುಂಡಪ್ಪನಿಗೆ ಆತ ಹೇಳುತ್ತಿದ್ದಾಗ, ಸಾತವ್ವ ಚೆಲ್ಲಿದ ಕುಸುಬಿ ಬಳಿಯುತ್ತ ಕಿವಿಗೊಟ್ಟಿದ್ದಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ತಾಯಿ ತೀರಿದ ಮೇಲೆ ಸಾಲಿಯ ಪುಸ್ತಕ ಗೋಡೆಯ ಮಾಡಿನಲ್ಲಿಟ್ಟು ಗಾಣಕ್ಕೆ ನಿಂತವಳು. ತಡೆಯಲಾಗಲಿಲ್ಲ.

"ಮನಿ ಅಂದ್ರ ಮನಿ! ಅದಕ್ಕ ಅರ್ಥ ಯಾಕ ಬೇಕ್ರಿ?"

"ಹಂಗಾರ ನೀವ ಹೇಳ್ರಿ, ನೋಡೂಣು."

"ಮಂದಿ ಮಲಗೂ ಜಾಗಾ."

"ಬ್ಯಾಸಗ್ಯಾಗ ಅರ್ಧ ಊರು ಓಣ್ಯಾಗ ಮಲಗತೈತಿ. ಓಣಿ ಮನೀನೇನು?"

ಸಾತವ್ವ ಬುಟ್ಟಿ ಕೆಳಗಿಟ್ಟಳು. "ಒಲಿ ಇರೂ ಜಾಗಾ."

"ಮಠದಾಗ ದೊಡ್ಡ ಒಲಿನ ಐತಿ."

"ತಡೀರಿ... ತಡೀರಿ! ಹೇಳತೇನಿ..."

ದುಂಡಪ್ಪ ನಕ್ಕುಬಿಟ್ಟ. "ಹುಟ್ಟಿದಾಗಿಂದ ಮನ್ಯಾಗ ಇದ್ದೇನಿ ತಮ್ಮಾ. ಅದೇನಂತ ಕೇಳಿದ್ರ ನನಗೂ ಹೇಳಾಕ ಬರವಲ್ದು ನೋಡು!"

ಅಂದಿನಿಂದ ಶೆಟ್ಟೆಪ್ಪ ಆ ಓಣಿಯಲ್ಲಿ ಅಳೆಯುವುದು ಮುಗಿಯಲೇ ಇಲ್ಲ. ದಿನಾ ಒಂದು ಶಬ್ದ ಹೊತ್ತು ದುಂಡಪ್ಪನ ಕಟ್ಟೆಗೆ ಬರುತ್ತಿದ್ದ. ಕೆಲವೊಮ್ಮೆ ಅವನೇ ಸೋಲುತ್ತಿದ್ದ.

"ಖುಲ್ಲಾ ಜಾಗಾ ಅಂತ ಬರದೀರಲಾ," ಎಂದು ಸಾತವ್ವ ಬಾಗಿಲ ಮರೆಯಿಂದ ಕೇಳಿದಳು ಒಂದು ದಿನ. "ಖುಲ್ಲಾ ಅಂದ್ರ ಯಾರದೂ ಅಲ್ಲದ್ದೋ, ಯಾರೂ ಏನೂ ಕಟ್ಟದ್ದೋ?"

ಶೆಟ್ಟೆಪ್ಪನ ಪೆನ್ಸಿಲ್ ನಿಂತುಹೋಯಿತು. "ಇದು ನನಗ ಹೊಳದಿದ್ದಿಲ್ಲ ನೋಡ್ರಿ..."

ಇನ್ನೊಂದು ದಿನ ಸೋತವಳು ಅವಳು. ಮಾರುವ ಜಾಗವೇ ಅಂಗಡಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಕಟ್ಟೆಯ ತುದಿಯಲ್ಲಿ ಮಾರಲು ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕುಳಿತಿದ್ದ ಸೋದರತ್ತೆ ಅಲ್ಲವ್ವನ ಕಡೆ ಶೆಟ್ಟೆಪ್ಪ ಸುಮ್ಮನೆ ಕೈ ತೋರಿಸಿದ.

"ನಾ ಅಂಗಡಿ ಏನೋ ಭಾಡ್ಯಾ!" ಎಂದು ಅಲ್ಲವ್ವ ಗದರಿದಳು. ಸಾತವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವಳಿಗೇ ಅಚ್ಚರಿ. ನೀರಿಗೆ ಹೋದರೆ ಹೊಳೆಯ ದಂಡೆ ಎಲ್ಲಿ ಮುಗಿದು ಹೊಲ ಎಲ್ಲಿ ಸುರುವಾಗುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದಳು. ದಿನವೂ ತುಳಿದ ಓಣಿ ಇವತ್ತೇ ಕಂಡಂತೆ ಕಾಣುತ್ತಿತ್ತು. ಹೊತ್ತು ಇಳಿಯುವಾಗ ಕಿವಿ ತಾನಾಗಿ ಬಾಗಿಲ ಕಡೆಗೆ ಹೋಗುತ್ತಿತ್ತು.

'ಇದಕ್ಕೇನಂತಾರ? ಇದನ್ನ ಅವರನ್ನ ಹ್ಯಾಂಗ ಕೇಳಲಿ...'

ಗಾಣದ ಬಗ್ಗೆಯೂ ಆತ ಎಲ್ಲವನ್ನೂ ಕೇಳಿದ್ದ. ಎಷ್ಟು ಹೊತ್ತಿಗೆ ಹೂಡುತ್ತೀರಿ? ಸಪ್ಪಳ ಎಲ್ಲಿತನಕ ಹೋಗುತ್ತದೆ? ಹೊರಗಿನ ಆಳು ಇದ್ದಾರೆಯೇ? ಸಾತವ್ವ ಒಂದನ್ನೂ ಮುಚ್ಚಿಡದೆ ಹೇಳಿದ್ದಳು. ಕೇಳುವವನ ಕಣ್ಣಲ್ಲಿ ಅಷ್ಟು ಆಸೆ ಇದ್ದರೆ ಯಾರು ತಾನೇ ಮುಚ್ಚಿಟ್ಟಾರು!

ಒಂದು ಮುಂಜಾನೆ ದುಂಡಪ್ಪ ಪೇಟೆಯಿಂದ ಬಂದವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಯಪ್ಪಾ, ಏನಾತು?"

"ನಿಯಮದ ಕರಡು ಚಾವಡಿ ಗ್ವಾಡಿಗೆ ಹಚ್ಯಾರ. ನಮ್ಮ ಓಣಿ ವಸತಿಗಿ ಬಂದೈತಿ. ಗಾಣ ಉದ್ಯೋಗಕ್ಕ ಹೋಗೇತಿ. ಊರ ಹೊರಗ ಒಯ್ಯಬೇಕಂತ..."

ಒಯ್ಯುವುದೆಂದರೇನು! ಆ ಗಾಣದ ಒರಳು ಅಜ್ಜನ ಕಾಲದಲ್ಲಿ ಆಳುದ್ದ ತಗ್ಗು ತೋಡಿ ಹೂತದ್ದು. ಕಿತ್ತರೆ ಸೀಳಿಹೋಗುತ್ತಿತ್ತು. ಬಡಿಗೆ ಊರಿಕೊಂಡು ಪೇಟೆಗೆ ಹೋಗಿಬಂದರೇ ಅಪ್ಪನ ಮೊಣಕಾಲು ದಿನವಿಡೀ ನೋಯುತ್ತಿದ್ದವು. ಊರ ಹೊರಗೆ ದಿನಾ ಹೋಗಿಬರುವುದು ಆದೀತೇ?

ಸಾತವ್ವನ ಕಿವಿಯಲ್ಲಿ ಶೆಟ್ಟೆಪ್ಪನ ದನಿಯೇ ಗುಂಯ್‌ಗುಡುತ್ತಿತ್ತು. ಸಪ್ಪಳ ಎಲ್ಲಿತನಕ ಹೋಗುತ್ತದೆ... ಎಷ್ಟು ಹೊತ್ತಿಗೆ ಹೂಡುತ್ತೀರಿ...

'ನನ್ನ ಬಾಯಿಲೇನ ಎಲ್ಲಾ ಹೇಳಿಸಿಕೊಂಡ್ರು. ನಾ ಏನೇನೋ ಅಂದ್ಕೊಂಡೆ... ಅವರು ಬರೇ ಕರಡು ಬರಿಯಾಕತ್ತಿದ್ರು!'

ಅಂದು ಮಧ್ಯಾಹ್ನ ಶೆಟ್ಟೆಪ್ಪ ಬಂದ. ಕಟ್ಟೆಯ ಬಳಿ ಅವನ ದನಿ ಕೇಳಿದ್ದೇ ಸಾತವ್ವ ಅಡುಗೆಮನೆಗೆ ಹೋಗಿ ಕದ ಹಾಕಿಕೊಂಡಳು. ಹೊರಗೆ ಅಲ್ಲವ್ವ ಜೋರಾಗಿ ಏನೋ ಬೈದಳು. ಅವನು ಮೆಲ್ಲಗೆ ಏನೋ ಹೇಳಿದ. ಆಮೇಲೆ ಚಪ್ಪಲಿಯ ಸಪ್ಪಳ ದೂರವಾಯಿತು.

ಹೋದನೇ? ಹೋಗಲಿ! ಕಣ್ಣು ಒರೆಸಿಕೊಂಡಷ್ಟೂ ತುಂಬುತ್ತಿತ್ತು.

ಮುಂದೆ ಅವನು ಬರಲಿಲ್ಲ. ಸಾತವ್ವ ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದಳು. ಕಂಡೂ ಕಾಣದಂತಿದ್ದ ಅಲ್ಲವ್ವನಿಗೆ ಕೊನೆಗೆ ತಾಳಲಾಗಲಿಲ್ಲ. ಒಂದು ಮುಂಜಾನೆ ಅವಳ ರೊಟ್ಟಿಯ ಗಂಗಾಳದ ಮುಂದೆ ಬಂದು ಕುಳಿತಳು.

"ಒಂದ ಹೇಳತೇನಿ, ಸಿಟ್ಟಾಗಬ್ಯಾಡ. ಆ ಹುಡುಗ ಬಂದಿದ್ದು ಮಾತ ಹೇಳಿ ಹೋಗಾಕ. ಕರಡಿನ ಮ್ಯಾಲ ತಕರಾರು ಇದ್ದವರು ಸೋಮವಾರ ಚಾವಡಿಗಿ ಬಂದು ಹೇಳಬೇಕಂತ. ಸಾತವ್ವನ್ನೂ ಕರಕೊಂಡು ಬರ್ರಿ, ಆಕಿ ಹೇಳಿದ್ರ ಕೇಳತಾರ ಅಂದ. ನನಗ ಸಿಟ್ಟಿತ್ತು... ನಿನಗೂ ಹೇಳಲಿಲ್ಲ, ನಿಮ್ಮಪ್ಪಗೂ ಹೇಳಲಿಲ್ಲ."

"ಯಾವ ಸೋಮವಾರ, ಅತ್ತಿ?"

ಅಲ್ಲವ್ವ ತಲೆ ತಗ್ಗಿಸಿದಳು. "ಇವತ್ತ..."

ಸಾತವ್ವ ಎದ್ದವಳೇ ಸೆರಗು ಹೊದ್ದು ಹೊರಟಳು. ದುಂಡಪ್ಪ ಬಡಿಗೆ ಊರಿಕೊಂಡು ಹಿಂದೆ ಬಂದ.

ಚಾವಡಿಯಲ್ಲಿ ಗಂಡಸರೇ ತುಂಬಿದ್ದರು. ಅವಳನ್ನು ಕಂಡು ಗುಸುಗುಸು ಎದ್ದಿತು. ಮೂಲೆಯ ಮೇಜಿನ ಹಿಂದೆ ಶೆಟ್ಟೆಪ್ಪ ಕುಳಿತಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತ. ಆ ಮುಖದಲ್ಲಿ ಎಂಥ ನೆಮ್ಮದಿ! ಸಾತವ್ವ ಬೇಕೆಂದೇ ಅತ್ತ ನೋಡಲಿಲ್ಲ.

"ನನ್ನ ತಕರಾರೈತ್ರಿ," ಎಂದಳು. "ನಮ್ಮ ಗಾಣ ಕಾರ್ಖಾನಿ ಅಲ್ಲ. ಅದು ನಮ್ಮ ಮನ್ಯಾಗ ಐತಿ."

ಎಣ್ಣೆ ವ್ಯಾಪಾರಿ ಪರಪ್ಪ ನಕ್ಕ. "ಅಡ್ಡಿಯಿಲ್ಲವಾ! ಎಣ್ಣಿ ತಗಿಯೂದು ಮನಿ ಕೆಲಸ ಅಂದ್ರ ನಾನೂ ನಿಮ್ಮ ಬಾಜೂದಾಗ ಎಂಜಿನ್ ಗಿರಣಿ ಹಾಕತೇನಿ. ನಂದೂ ಎಣ್ಣಿನ ಅಲ್ಲೇನು?"

ಸಾತವ್ವನಿಗೆ ಆಗ ತಿಳಿಯಿತು. ಶೆಟ್ಟೆಪ್ಪ ಸಿಕ್ಕಿಹಾಕಿಕೊಂಡದ್ದು ಇಲ್ಲಿಯೇ! ಗಾಣವನ್ನು ಒಳಗಿಟ್ಟರೆ ಅದೇ ಬಾಗಿಲಿಂದ ಎಂಜಿನ್ನೂ ನುಗ್ಗುತ್ತಿತ್ತು.

ಮೊದಲ ಸಲ ಅವನ ಕಡೆ ನೋಡಿದಳು.

"ನೀವು ಎಲ್ಲಾನೂ ಎರಡ ಗುಂಪ ಮಾಡೀರಿ. ಎರಡ ಯಾಕ? ಮೂರನೇದು ಯಾಕಿರಬಾರದು?"

"ಮೂರನೇದಕ್ಕ ಏನಂತ ಹೆಸರಿಡೂದ್ರಿ? ಭಾಳ ಹುಡಿಕಿದೆ... ಸಿಗಲಿಲ್ಲ," ಎಂದ ಶೆಟ್ಟೆಪ್ಪ.

"ಮನಿಗಸಬು ಅನ್ರಿ."

"ಮನಿಗಸಬು..." ಅವನ ಕಣ್ಣು ಮಿಂಚಿತು. "ಅಂದ್ರ ಏನು?"

"ಆ ಮನ್ಯಾಗ ಇರೂ ಮಂದೀನ ಮಾಡೂ ಕಸಬು."

"ಪರಪ್ಪನವರು ಗಿರಣ್ಯಾಗ ಒಂದು ಮಲಗೂ ಕೋಲಿ ಕಟ್ಟಿಸಿ, ನಾನೂ ಇಲ್ಲೇ ಇರತೇನಿ ಅಂದ್ರ?"

"ಎಂಜಿನ್ ಇರಬಾರದು. ಮನಶ್ಯಾರು, ಇಲ್ಲಾ ಮನಿ ಎತ್ತು. ಅಷ್ಟ."

"ಹತ್ತು ಎತ್ತು ಕಟ್ಟಿ ಹತ್ತು ಗಾಣ ಹೂಡಿದ್ರ?"

"ಹೊರಗಿನ ಆಳು ಇಡಬಾರದು! ಮನಿ ಮಂದಿ ಎಷ್ಟು ಗಾಣ ಹೂಡ್ಯಾರು?"

ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೊಡುತ್ತ ಹೋದರು. ಸುತ್ತ ಚಾವಡಿ ಇದೆ ಎನ್ನುವುದೇ ಮರೆತಿತ್ತು. ಪುರಸಭೆಯ ಅಧ್ಯಕ್ಷರು ಕೆಮ್ಮಿದಾಗ ಇಬ್ಬರೂ ಬೆಚ್ಚಿದರು.

"ಬಾಜೂ ಮನಿಯವರಿಗೆ ತ್ರಾಸು ಆಗಬಾರದು ಅನ್ನೂದೂ ಬೇಕಲ್ಲವಾ ಅದರಾಗ?" ಎಂದರು ಅಧ್ಯಕ್ಷರು. "ನಿಮ್ಮ ಗಾಣದಿಂದ ಯಾರಿಗೂ ತ್ರಾಸಿಲ್ಲೇನು?"

"ಇಲ್ರಿ," ಎಂದು ಸಾತವ್ವ ಹೇಳುವಷ್ಟರಲ್ಲಿ, ಬಾಗಿಲಲ್ಲಿ ನೋಡಲು ಬಂದು ನಿಂತಿದ್ದ ಪಕ್ಕದ ಮನೆಯ ಸತ್ತೆವ್ವ ಬಾಯಿಬಿಟ್ಟಳು. ಬಗಲಲ್ಲಿ ಕೂಸು ಇತ್ತು.

"ಸಾತಿ, ಸುಳ್ಳ ಯಾಕ ಹೇಳಲಿ... ನಸುಕಿನ್ಯಾಗ ನಿಮ್ಮ ಗಾಣ ಕಿರ್ ಅಂದ್ರ ನನ್ನ ಕೂಸು ಕಿಟಾರನ ಚೀರಿ ಏಳತೈತಿ. ಆಮ್ಯಾಲ ಮಲಗೂದಿಲ್ಲ."

ಸಾತವ್ವನ ಮುಖ ಬಾಡಿತು. ದಿನಾ ಕಾಣುವ ಸತ್ತೆವ್ವ ಒಂದು ದಿನವೂ ಹೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಇಷ್ಟೆಲ್ಲ ಕೇಳಿದವಳು ಅದೊಂದನ್ನು ಕೇಳಿರಲಿಲ್ಲ!

ಅಪ್ಪನ ಕಡೆ ನೋಡಿದಳು. ನಸುಕಿನ ತಂಪಿನಲ್ಲೇ ಎತ್ತು ಚೆನ್ನಾಗಿ ಎಳೆಯುತ್ತಿತ್ತು. ಅದನ್ನು ಬಿಟ್ಟರೆ ಎಣ್ಣೆ ಕಡಿಮೆಯೇ. ದುಂಡಪ್ಪ ಹೂಂ ಎಂದು ತಲೆಯಾಡಿಸಿದ.

"ಹೊತ್ತು ಮೂಡಿದ ಮ್ಯಾಲ ಹೂಡತೀವ್ರಿ," ಎಂದಳು ಸಾತವ್ವ. "ಹೊತ್ತು ಮುಳುಗೂ ಮುಂದ ಬಿಡತೀವಿ. ಅದನ್ನೂ ಬರಕೋರಿ."

ಶೆಟ್ಟೆಪ್ಪ ಬರೆದುಕೊಂಡ.

ಹೊರಗೆ ಬೇವಿನ ಮರದ ಕೆಳಗೆ ಅಪ್ಪ ದಣಿವಾರಿಸಿಕೊಳ್ಳುತ್ತಿದ್ದಾಗ ಅವನು ಓಡುತ್ತ ಬಂದ.

"ಮದಲ ಯಾಕ ಹೇಳಲಿಲ್ರಿ?" ಎಂದಳು ಸಾತವ್ವ. "ದಿನಾ ಬಂದು ಕುಂದರತಿದ್ರಿ... ಒಂದ ಮಾತು?"

"ಕರಡು ಹೊರಗ ಬೀಳೂತನಕ ಯಾರಿಗೂ ಹೇಳೂದಿಲ್ಲಂತ ಮಾತ ಕೊಟ್ಟಿದ್ದೆ. ನಿಮಗ ಹೇಳಿದ್ರ ಪರಪ್ಪನವರಿಗೂ ಹೇಳಬೇಕಾಗತಿತ್ತು. ಹೇಳದ ಇದ್ದ ದಿನಗಳು... ಹ್ಯಾಂಗ ಕಳದೆ ಅಂತ ನನಗ ಗೊತ್ತು."

ಅವಳು ಅಪ್ಪನ ಕೈ ಹಿಡಿದು ಹೊರಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ನಿಯಮ ಮಂಜೂರಾಯಿತು. ಮನಿಗಸಬು ಎಂಬ ಶಬ್ದ ಅದರಲ್ಲಿ ಅಚ್ಚಾಗಿ ಬಂತು. ಓಣಿಯ ನೇಕಾರರೂ ಬುಟ್ಟಿ ಹೆಣೆಯುವವರೂ ದುಂಡಪ್ಪನ ಕಟ್ಟೆಗೆ ಬಂದು ಬೆಲ್ಲ ಹಂಚಿ ಹೋದರು. ಶೆಟ್ಟೆಪ್ಪನಿಗೆ ಹುಕ್ಕೇರಿಯಲ್ಲಿ ಕೆಲಸವಾಗಿದೆ, ಹೊರಟುಹೋದ ಎಂದೂ ಅವರೇ ಹೇಳಿದರು.

ಹೋಗುವಾಗ ಒಂದು ಮಾತೂ ಹೇಳದೆ!

'ನಾನ ಉತ್ತರ ಕೊಡಲಿಲ್ಲಲ್ಲ... ಇನ್ನ ಯಾವ ಮಾರಿ ಇಟ್ಕೊಂಡು ಬಂದಾರು?' ಸಾತವ್ವ ತನ್ನನ್ನೇ ಬೈದುಕೊಂಡಳು.

ಸೀಗಿ ಹುಣ್ಣಿಮೆ ಕಳೆದ ಮೇಲೆ ಒಂದು ಇಳಿಹೊತ್ತು ಬಾಗಿಲ ಮುಂದೆ ಚಕ್ಕಡಿ ನಿಂತಿತು. ಮೊದಲು ಇಳಿದದ್ದು ಹಣೆತುಂಬ ವಿಭೂತಿಯ ಹಿರಿಯ ಹೆಂಗಸು. ಹಿಂದೆ ಶೆಟ್ಟೆಪ್ಪ.

"ನಾನು ಇಂವನ ತಾಯಿ, ಚನ್ನವ್ವ," ಎಂದು ಆಕೆ ದುಂಡಪ್ಪನಿಗೆ ಕೈಮುಗಿದಳು. "ಮದಲ ಕೆಲಸ ಗಟ್ಟಿಯಾಗಲಿ, ಆಮ್ಯಾಲ ಹೋಗಿ ಕೇಳೂಣು ಅಂದಿದ್ದೆ. ನಿಮ್ಮ ಮಗಳನ್ನ ಕೇಳಾಕ ಬಂದೇವ್ರಿ."

ದುಂಡಪ್ಪ ಮಗಳ ಕಡೆ ನೋಡಿದ. "ನನ್ನ ಕೇಳಬ್ಯಾಡ್ರಿ. ಆಕೀನ್ನ ಕೇಳ್ರಿ."

ಅಲ್ಲವ್ವ ಚನ್ನವ್ವನ ಕೈ ಹಿಡಿದು ಒಳಗೆ ಕರೆದೊಯ್ದಳು. ಅಪ್ಪ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಹಿತ್ತಲಿಗೆ ಹೋದ. ಕಟ್ಟೆಯ ಆ ತುದಿಗೆ ಅವಳು, ಈ ತುದಿಗೆ ಅವನು.

"ಅಪ್ಪನ್ನ ಬಿಟ್ಟು ಹುಕ್ಕೇರಿಗೆ ಹ್ಯಾಂಗ ಬರಲ್ರಿ ನಾನು?"

"ಅಪ್ಪಾರು, ಅತ್ತಿಯಾರು, ಎತ್ತು... ಯಾರನ್ನೂ ಬಿಡೂದು ಬ್ಯಾಡ. ಅಲ್ಲಿಗೆ ಬರತೇವಂದ್ರ ಕರಕೊಂಡು ಹೋಗೂಣು. ಬರೂದಿಲ್ಲಂದ್ರ ಇಲ್ಲೇ ಕೆಲಸ ಕೊಡ್ರಿ ಅಂತ ಅರ್ಜಿ ಹಾಕೇನಿ. ಸಿಗೂತನಕ ವಾರಕ್ಕೊಮ್ಮೆ ನಾನ ಬರತೇನಿ."

"ನಾ ಹೂಂ ಅನ್ನೂಕಿಂತ ಮದಲ ಅರ್ಜಿ ಹಾಕೀರಿ?"

"ಹೂಂ ಅಂತೀರಿ ಅಂತ ಆಸೆ ಇತ್ತು."

ಸಾತವ್ವನ ಕಣ್ಣು ತುಂಬಿ ಬಂತು. ತುಟಿಯಂಚಿನಲ್ಲಿ ನಗುವೂ ಇತ್ತು. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು.

"ನನ್ನ ಮ್ಯಾಲಿನ ಸಿಟ್ಟು ಹೋತೇನು, ಸಾತವ್ವಾ?" ಎಂದ ಅವನು ಮೆಲ್ಲಗೆ.

"ಇನ್ನೂ ಚೂರು ಐತಿ."

"ಅದು ಹೋಗೂತನಕ ಇಲ್ಲೇ ಕುಂದರಲೇನು?"

ಅವಳು ತಲೆಯೆತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಕುಂದರ್ರಿ... ಆದ್ರ ಇತ್ತ ಸರದು ಕುಂದರ್ರಿ."