ಕಿಟಕಿಗೆ ಬಂದ ನೀಲಿ ತೊಟ್ಟಿಲು

“ನಿಮ್ಮ ಚಕ್ರದ ಬಾಯಿ ನೀವು ಮುಚ್ಚಿಸ್ತೀರೋ, ನಾನೇ ಬಂದು ಮುಚ್ಚಿಸಲೋ?”

ಮನರಂಜನಾ ಪಾರ್ಕಿನ ಹಿಂಬದಿಯ ಕಬ್ಬಿಣದ ಗೇಟು ಹಿಡಿದು ಅವಳು ಕೇಳಿದಳು. ಒಳಗೆ ಜೈಂಟ್ ವೀಲ್‌ನ ಬುಡದಲ್ಲಿ ಎಣ್ಣೆ ಡಬ್ಬಿ ಹಿಡಿದಿದ್ದ ಯುವಕ ತಿರುಗಿ ನೋಡಿದ. ಕೆನ್ನೆಯ ಮೇಲೊಂದು ಗ್ರೀಸಿನ ಗೆರೆ. ನಗಬೇಕೋ ಬೇಡವೋ ಎಂದು ತಿಳಿಯದ ಮುಖ.

“ಯಾವ ಮನೆ?”

“ಅದೋ, ಹಸಿರು ಕಿಟಕಿ. ನಮ್ಮಜ್ಜಿ ಹಾಸಿಗೆ ಹಿಡಿದಿದ್ದಾರೆ. ಈಗ ಕಣ್ಣು ಹತ್ತಿತು ಅನ್ನೋವಾಗ ಇದು ಕಿರ್ರ್ ಅನ್ನುತ್ತೆ.”

“ಇವತ್ತೇ ಎಣ್ಣೆ ಕುಡಿಸ್ತೀನಿ. ಅಜ್ಜಿಯದು ಇನ್ನೇನಾದ್ರೂ ದೂರಿದೆಯಾ?”

ಇತ್ತು. ಹೇಳಲು ಅವಳಿಗೇ ನಾಚಿಕೆಯಾಯಿತು.

“ಬೆಳಗ್ಗೆ ಕಿಟಕಿ ಎದುರು ಒಂದೊಂದು ದಿನ ಚಕ್ರದ ಒಂದೊಂದು ಬಣ್ಣದ ತೊಟ್ಟಿಲು ನಿಂತಿರುತ್ತಲ್ಲ... ಅವ್ರಿಗೆ ನೀಲಿದೇ ಇಷ್ಟವಂತೆ. ನಮ್ಮಜ್ಜಿ ಸ್ವಲ್ಪ ಕಥೆಯೊಳಗೇ ಇರೋರು.”

ಅವನು ತಲೆ ಎತ್ತಿ ಹಸಿರು ಕಿಟಕಿಯತ್ತ ನೋಡಿದ.

ಮರುದಿನ ಪರದೆ ಸರಿಸಿದರೆ, ಗೋಡೆಯಾಚೆ, ಕೈಚಾಚಿದರೆ ಸಿಗುವಂತೆ ನೀಲಿ ತೊಟ್ಟಿಲು ನಿಂತಿತ್ತು.

“ಪುಟ್ಟೀ, ನನ್ನ ಪಲ್ಲಕ್ಕಿ ಬಂತು ಕಣೆ,” ಎಂದರು ಅಜ್ಜಿ.

ಆಮೇಲೆ ಅದು ದಿನವೂ ಬಂತು.

ಆ ಬೀದಿಯವರಿಗೆ ಪಾರ್ಕು ಎಂದೋ ಹಳತಾಗಿತ್ತು. ಬಂದ ನೆಂಟರೆಲ್ಲ “ನಿಮಗೇನು ಬಿಡಿ, ಬಾಗಿಲು ತೆಗೆದ್ರೆ ಸ್ವರ್ಗ” ಎನ್ನುತ್ತಿದ್ದರು. ಸ್ವರ್ಗದ ಪಕ್ಕದ ಮನೆಯವರಿಗೆ ಮಾತ್ರ ಗೊತ್ತು, ಅಲ್ಲಿ ಇಡೀ ದಿನ ಒಂದೇ ಹಾಡು, ಅದೇ ಕಿರುಚಾಟ, ಒಣಹಾಕಿದ ಬಟ್ಟೆಗೆ ಕರಿದ ಎಣ್ಣೆಯ ವಾಸನೆ. ಕಿಟಕಿಯ ಬಳಿ ಕುಳಿತು ಬಟ್ಟೆ ಹೊಲಿಯುವ ಅವಳ ಕಾಲು, ಬೇಡವೆಂದರೂ ಆ ಹಾಡಿನ ತಾಳಕ್ಕೇ ಮಿಷನ್ ತುಳಿಯುತ್ತಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಒಳಗೆ ಹೋದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ಬೆಳಗಾಗುವುದನ್ನು ಕಾಯತೊಡಗಿದಳು.

ಸಂಜೆ ಹೊಲಿದ ಬಟ್ಟೆ ಕೊಡಲು ಹೊರಟಾಗ ಗೇಟಿನ ಬಳಿ ಅವನು ಕೇಳುತ್ತಿದ್ದ, “ಪಲ್ಲಕ್ಕೀಲಿ ಇವತ್ತು ಯಾರು ಬಂದಿದ್ರಂತೆ?”

“ಮೂಗು ಕಳ್ಕೊಂಡ ರಾಜಕುಮಾರ.”

“ಸಿಕ್ತಾ?”

“ಗ್ರೀಸ್ ಡಬ್ಬೀಲಿತ್ತಂತೆ.”

ಅವನು ಮೂಗು ಮುಟ್ಟಿ ನೋಡಿಕೊಂಡ. ಅವಳು ದಾರಿಯುದ್ದಕ್ಕೂ ಒಬ್ಬಳೇ ನಕ್ಕಳು.

ಅಜ್ಜಿ ಹೋದದ್ದು ಒಂದು ಮೋಡದ ಬೆಳಗ್ಗೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. ಮನೆಯಲ್ಲಿ ಅಳು, ಗೋಡೆಯಾಚೆ ಅದೇ ಹಾಡು. ಅದಾದ ಮೇಲೂ ಕೆಲವು ವಾರ ನೀಲಿ ತೊಟ್ಟಿಲು ಬಂದು ನಿಂತಿತು. ಅವಳು ಹೊರಗೆ ಕಾಲಿಡಲಿಲ್ಲ. ‘ಪಾಪ, ಅಜ್ಜಿ ಇಲ್ಲ ಅಂತ ಅವನಿಗಿನ್ನೂ ಗೊತ್ತಾಗಿಲ್ಲ...’ ಎಂದುಕೊಂಡಳು.

ಆಮೇಲೊಂದು ದಿನ ಪರದೆ ಸರಿಸಿದರೆ ಎದುರಿಗೆ ಹಳದಿ ತೊಟ್ಟಿಲು. ಮರುದಿನ ಕೆಂಪು.

‘ಗೊತ್ತಾಯಿತು. ಮುದುಕಿಯ ಮೇಲಿನ ಕನಿಕರ ಮುದುಕಿಯ ಜೊತೆಗೇ ಮುಗಿಯಿತು. ನಾನೇ ಹುಚ್ಚಿ, ನನ್ನ ಪಾಲೂ ಅದರಲ್ಲಿದೆ ಅಂದುಕೊಂಡೆ...’

ಅವಳು ಪರದೆ ಎಳೆದು, ನಾಲ್ಕು ಮೂಲೆಗೂ ಮೊಳೆ ಹೊಡೆದಳು.

ಅಮ್ಮನಿಗೂ ಆ ಕೋಣೆ ನೋಡಲಾಗುತ್ತಿರಲಿಲ್ಲ. “ಚಿಕ್ಕಮ್ಮನ ಊರಿಗೆ ಹೋಗೋಣ ಕಣೆ. ಮನೆ ನೋಡಿದಾಳೆ. ಇಲ್ಲಿ ನಿನಗೇನಿದೆ?”

“ಏನೂ ಇಲ್ಲಮ್ಮ.”

ಸಾಮಾನು ಕಟ್ಟಿಯಾಯಿತು. ನಾಳೆ ವ್ಯಾನು ಬರಬೇಕು. ಕೊನೆಯ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಎಣ್ಣೆಗೊಂದು ಥ್ಯಾಂಕ್ಸ್ ಆದರೂ ಹೇಳಿಬರೋಣ ಎಂದು ತನಗೇ ಸುಳ್ಳು ಹೇಳಿಕೊಂಡು ಪಾರ್ಕಿಗೆ ಟಿಕೆಟ್ ತೆಗೆದುಕೊಂಡಳು.

ಚಕ್ರದ ಬಳಿ ಇದ್ದದ್ದು ನರೆತ ಮೀಸೆಯ ಬೇರೊಬ್ಬ ಆಪರೇಟರ್.

“ಅವನಾ? ಭೂತಬಂಗಲೆಗೆ ಹಾಕಿದಾರಮ್ಮ. ಚಕ್ರನ ದಿನಕ್ಕೊಂದು ಜಾಗದಲ್ಲಿ ನಿಲ್ಲಿಸ್ಬೇಕು. ಇವನು ದಿನಾ ಒಂದೇ ಕಡೆ ನಿಲ್ಲಿಸಿ ಬೇರಿಂಗ್ ಒಂದೇ ಮಗ್ಗುಲು ಸವೆಸಿಬಿಟ್ಟ. ಗೊತ್ತಿಲ್ದೆ ಮಾಡಿದ್ದಲ್ಲ ನೋಡಿ. ಯಾಕೋ ಅಂದ್ರೆ ಬಾಯೇ ಬಿಡಲಿಲ್ಲ. ಭೂತಗಳು ಸವೆಯಲ್ಲ ಅಂತ ಅಲ್ಲಿಗೆ ಕಳಿಸಿದ್ರು.”

ಅವಳು ನೇರ ಆ ಕಡೆ ನಡೆದಳು.

ಭೂತಬಂಗಲೆಯಲ್ಲಿ ಅವಳೊಬ್ಬಳೇ. ಪುಟ್ಟ ಗಾಡಿ ಕತ್ತಲೊಳಗೆ ಹೊರಟಿತು. ಎಲ್ಲೋ ಧ್ವನಿಮುದ್ರಿತ ನಗೆ. ಮೇಲಿನಿಂದ ಅಸ್ಥಿಪಂಜರವೊಂದು ಜಾರಿ ಬಂದು, ಅವಳ ಮುಖದೆದುರು ಅರ್ಧದಲ್ಲೇ ನಿಂತುಬಿಟ್ಟಿತು. ಗಾಡಿಯೂ ನಿಂತಿತು.

“ಹೆದರ್ಕೊಂಡು ಅಳ್ಬೇಡಿ,” ಕರಿ ಪರದೆಯ ಹಿಂದಿನಿಂದ ಪರಿಚಿತ ದನಿ. “ಪ್ಲಾಸ್ಟಿಕ್ಕು ಅದು.”

“ಹೆದರಿ ಅಳ್ತಿಲ್ಲ ನಾನು.”

ಪರದೆ ಸರಿಯಿತು. ಕೆಂಪು ದೀಪದ ಮಬ್ಬಿನಲ್ಲಿ ಅವನು ಸೊರಗಿದ್ದ.

“ಬೇರಿಂಗ್ ಹಾಳಾಗುತ್ತೆ ಅಂತ ಗೊತ್ತಿತ್ತಲ್ಲ. ಅಜ್ಜಿಗೋಸ್ಕರ ಇಷ್ಟೆಲ್ಲ...”

“ಅಜ್ಜಿಯನ್ನ ಮನೆಯಿಂದ ತಗೊಂಡು ಹೋಗೋವಾಗ ಗೇಟ್ ಹತ್ರಾನೇ ಇದ್ದೆ,” ಎಂದ ಅವನು. “ನೀವು ತಲೆ ಎತ್ತಲಿಲ್ಲ.”

ಹಾಗಾದರೆ ಇವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು... ಆಮೇಲೂ ಬಂದ ಆ ನೀಲಿ ತೊಟ್ಟಿಲು?

“ಅದು ಯಾರಿಗೆ ಅಂದ್ಕೊಂಡ್ರಿ?” ಅವನು ಮೆಲ್ಲಗೆ ಕೇಳಿದ. “ಆಮೇಲೆ ಇಲ್ಲಿಗೆ ಹಾಕಿದ್ರು. ಒಂದ್ಸಲ ನಿಮ್ಮನೆ ತನಕ ಬಂದಿದ್ದೆ. ಕಿಟಕಿ ಪರದೆಗೆ ಮೊಳೆ ಹೊಡೆದಿತ್ತು. ಬೇಡವಾಗಿದೆ ಅಂದ್ಕೊಂಡು ವಾಪಸ್ ಹೋದೆ.”

ಅವಳು ಅಸ್ಥಿಪಂಜರದ ಕೈಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ಅವನ ಕೈ ಹಿಡಿದಳು. ಅದು ತಣ್ಣಗಿತ್ತು.

“ನಾಳೆ ಹೋಗ್ತಿದೀವಿ. ಅಮ್ಮನಿಗೆ ಇಲ್ಲಿ ಆಗ್ತಿಲ್ಲ. ಚಿಕ್ಕಮ್ಮನ ಊರು. ಆ ಮನೆ ಕಿಟಕಿಯಿಂದ ಬರೀ ಗೋಡೆ ಕಾಣುತ್ತಂತೆ.”

ಆ ಧ್ವನಿಮುದ್ರಿತ ನಗೆ ಒಂದು ಸುತ್ತು ಮುಗಿಸಿ ಮತ್ತೆ ಶುರುವಾಯಿತು.

“ಆ ಊರಲ್ಲೂ ಎಣ್ಣೆ ಬೇಕಾಗೋ ಮಿಷನ್‌ಗಳು ಇದ್ದೇ ಇರ್ತವೆ. ಕೆಲಸ ಹುಡುಕ್ಕೊಂಡು ಬರ್ತೀನಿ. ಬಂದು ನಿಮ್ಮ ಕಿಟಕಿ ಎದುರು ನಾನೇ ನಿಂತ್ಕೋತೀನಿ.”

“ದಿನಾನಾ?”

“ದಿನಾ.”

“ಒಂದೇ ಜಾಗದಲ್ಲಿ ನಿಂತ್ರೆ ಸವೆದು ಹೋಗ್ತೀರಿ.”

“ಸವೀಲಿ ಬಿಡಿ.”