ಎಂಟೂಕಾಲು ಇಂಚು ದೂರ

ಭೂಗೋಳದ ಮೇಷ್ಟ್ರು ಕೋಟು ಹೊಲಿಸಲು ಬಂದರು. "ಯಾವುದಕ್ಕೆ?" ಎಂದೆ. ಹೊಲಿಯುವವಳು ಕೇಳಲೇಬೇಕು, ಬಟ್ಟೆ ಆರಿಸುವುದು ಅದರ ಮೇಲೆ.

"ಮದುವೆಗೆ."

ಯಾರ ಮದುವೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ನನಗೇನು ಹುಚ್ಚೇ? ಆದರೆ ಗುಂಡುಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಇವರ ಪರಿಚಯವಾದದ್ದು ಹೋದ ವರ್ಷ. ಎದುರಿನ ಶಾಲೆಯಿಂದ ಗ್ಲೋಬು ಅಪ್ಪಿಕೊಂಡು ಬಂದು, "ಧೂಳು ಕೂರತ್ತೆ, ಇದಕ್ಕೊಂದು ಗವಸು ಹೊಲಿದುಕೊಡ್ತೀರಾ?" ಎಂದಿದ್ದರು. ಭೂಮಿಯ ಸೊಂಟದ ಅಳತೆ ತೆಗೆದ ಟೈಲರ್ ಈ ಬೀದಿಯಲ್ಲಿ ನಾನೊಬ್ಬಳೇ. ಆಮೇಲೆ ಗುಂಡಿ ಬಿತ್ತು, ಜೇಬು ಹರಿಯಿತು ಅಂತ ವಾರ ವಾರ ಬಂದರು. ಒಬ್ಬ ಮನುಷ್ಯನ ಗುಂಡಿಗಳು ಅಷ್ಟೊಂದು ಬೀಳುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ, ಬರಲಿ ಎಂಬ ಆಸೆ ನನಗೂ ಇತ್ತು.

ಈಗ ನಾನೇ ಹೊರಟಿದ್ದೆ. ದೂರದೇಶದ ರಂಗಮಂದಿರವೊಂದರಲ್ಲಿ ನಾಟಕದ ಉಡುಪು ಹೊಲಿಯುವ ಕೆಲಸ, ಒಂದು ವರ್ಷಕ್ಕೆ. ಸೋಮವಾರ ವಿಮಾನ. ಅಕ್ಕ ಅತ್ತಳು, ಭಾವ ಸೂಟ್‌ಕೇಸ್ ತಂದರು. ಈ ಮಹಾಶಯರು ಮಾತ್ರ ತುಟಿ ಪಿಟಿಕ್ ಅನ್ನಲಿಲ್ಲ.

ಟ್ರಯಲ್‌ಗೆ ಬಂದ ದಿನ ಕಂಕುಳಲ್ಲಿ ಗ್ಲೋಬು ಇತ್ತು. "ನಿಮ್ಮ ಟೇಪು ಕೊಡಿ," ಎಂದರು.

ಗ್ಲೋಬಿನಲ್ಲಿ ನಮ್ಮ ಏರ್‌ಪೋರ್ಟ್ ಇರುವ ಕಡೆ ಟೇಪಿನ ತುದಿ ಇಟ್ಟು ನನ್ನ ಕೈಗೆ ಹಿಡಿಸಿದರು. ನಾನು ಹೋಗಬೇಕಾದ ಏರ್‌ಪೋರ್ಟಿನ ಮೇಲೆ ತಾವು ಬೆರಳಿಟ್ಟರು. ಇಬ್ಬರ ಬೆರಳಿನ ನಡುವೆ ಒಂದು ಗೇಣೂ ಇರಲಿಲ್ಲ.

"ಎಂಟೂಕಾಲು ಇಂಚು," ಎಂದೆ.

"ಅಂದ್ರೆ ಒಂಬತ್ತು ಸಾವಿರ ಕಿಲೋಮೀಟರ್."

"ನಿಮ್ಮ ಬೆನ್ನಿನ ನಡುವಿನಿಂದ ಭುಜದ ತುದಿಗೂ ಎಂಟೂಕಾಲೇ. ಅಷ್ಟೇ ದೂರ ಅಂದ್ಕೊಳ್ಳಿ."

ಮೇಷ್ಟ್ರ ಕಿವಿ ಕೆಂಪಾಯಿತು. ನೋಡದವಳಂತೆ ನೋಡಿದೆ.

"ಹೋಗೋಕೆ ಹನ್ನೊಂದೂವರೆ ಗಂಟೆ. ಬರೋಕೆ ಹತ್ತೇ," ಎಂದರು.

"ದೂರ ಒಂದೇ ಅಲ್ವಾ?"

"ಒಂದೇ. ಹೋಗುವಾಗ ಗಾಳಿ ಎದುರಿಗಿರತ್ತೆ, ಬರುವಾಗ ಬೆನ್ನಿಗಿರತ್ತೆ."

"ನಾನಿನ್ನೂ ಹೊರಟೇ ಇಲ್ಲ, ಆಗಲೇ ಬರೋ ಲೆಕ್ಕ ಹಾಕ್ತಿದ್ದೀರಲ್ಲ ಮೇಷ್ಟ್ರೇ."

"ನನಗೆ ಬೇಕಾಗಿರೋದು ಅದೊಂದೇ ಲೆಕ್ಕ."

ಹೇಳಿಬಿಟ್ಟು ನೆಲ ನೋಡತೊಡಗಿದರು. ನನ್ನ ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಕೋಟು ಯಾರ ಮದುವೆಗೆ?"

"ಹುಡುಗಿ ಒಪ್ಪಿದ್ರೆ ನನ್ನದೇ." ಈಗ ಮುಖ ಎತ್ತಿದರು. "ಹೋಗ್ಬೇಡಿ ಅನ್ನಲ್ಲ. ಹೋಗಿ ಬನ್ನಿ, ಕಾಯ್ತೀನಿ."

ಹೋಗಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ. ಜಗಳಕ್ಕೆ ಬೇಕಾದ ಮಾತೆಲ್ಲ ತಯಾರಿತ್ತು. ಇದಕ್ಕೆ ಮಾತ್ರ ಕಣ್ಣು ತುಂಬಿ ಬಂತು, ಟೇಪು ಸುತ್ತುತ್ತಾ ಕುಳಿತೆ.

ಭಾನುವಾರ ಕೋಟು ಕೊಟ್ಟೆ. ಅವರು ತಿರುಗಿಸಿ ನೋಡಿದರು. ಎಡತೋಳಿನ ಸುತ್ತ ಬಿಳಿ ದಾರದ ಉದ್ದುದ್ದ ಹೊಲಿಗೆ.

"ಇದು ಇನ್ನೂ ಕಚ್ಚಾ ಹೊಲಿಗೆ ಅಲ್ವಾ?"

"ಹೌದು. ಜೋರಾಗಿ ಎಳೆದರೆ ತೋಳು ಕೈಗೆ ಬರತ್ತೆ. ಬೇರೆ ಯಾವ ಟೈಲರಿಗೂ ಕೊಡಬಾರದು. ಬೇರೆ ಯಾರ ಮದುವೆಗೂ ಹಾಕ್ಕೋಬಾರದು. ಬಂದು ನಾನೇ ಮುಗಿಸ್ತೀನಿ."

"ಒಂದು ವರ್ಷ ಹೀಗೇ?"

"ಕೆಲಸ ಒಂದು ವರ್ಷ. ಬರೋಕೆ ಹತ್ತೇ ಗಂಟೆ. ನೀವೇ ಹೇಳಿದ್ರಲ್ಲ."

ಅವರು ಕೋಟು ತೊಟ್ಟು, ದಾರ ಹರಿಯದಂತೆ ಎಡಗೈ ಅಲ್ಲಾಡಿಸದೆ ನಿಂತರು. ಅದಕ್ಕೇ ನಾನು ಬಲಗೈ ಹಿಡಿದುಕೊಂಡೆ.