ಹಳದಿ ಕೋಣೆಯ ವಿಭೂತಿ

"ಮುಖಕ್ಕೆ ಪೌಡರ್ ಬಳ್ಕೊಂಡು ಈ ಕೋಣೆಗೆ ಬಂದಿದೀಯಾ? ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ."

ತಂಡದ ಹಿರಿಯ ಇಂಜಿನಿಯರ್ ಕಶ್ಯಪ್ ಪ್ರಯೋಗಾಲಯದ ಹಳದಿ ದೀಪದ ಕೋಣೆಯಲ್ಲಿ ಎಲ್ಲರೆದುರು ಹಾಗಂದ. ಮೋನಿಷಾ ಮುಖಗವಸಿನೊಳಗೇ ಹಲ್ಲು ಕಚ್ಚಿದಳು.

ನಿಮ್ಮಂಥೋರು... ಬಿನ್ನಿಪೇಟೆ ಕೇರಿಯ ಮಾರಕ್ಕನ ಮಗಳು ಅಂತ ತಾನೇ?

ಕೆಟ್ಟಿದ್ದು ಅವಳೂ ಕಶ್ಯಪನೂ ಸೇರಿ ಬೆರೆಸಿ, ಸೋಸಿ ಮಾಡಿದ ಫೋಟೋರೆಸಿಸ್ಟ್. ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗೆ ಹಚ್ಚಿದರೆ, ಅದನ್ನು ಕೊರೆಯುವ ಪ್ಲಾಸ್ಮಾ ಅನಿಲ ಬೇಡದ ಕಡೆ ತಾಗದಂತೆ ಕಾಯುವ ಪದರ. ಅದರಲ್ಲಿ ಒಂದು ಕಣ ದೂಳಿದ್ದರೂ ಪ್ಲಾಸ್ಮಾ ಅಲ್ಲೇ ನುಗ್ಗುತ್ತದೆ. ಅವತ್ತು ಬಿಲ್ಲೆಗಳೆಲ್ಲ ಜರಡಿಯಾಗಿದ್ದವು. ಅದು ಅವಳ ಪೌಡರೇ ಅಂತ, ಸಂಜೆಯೊಳಗೆ ಮೋನಿಷಾಳ ಕೆಲಸ ಹೋಯಿತು.

ಆ ದೂಳು ಯಾವುದೆಂದು ಅವಳಿಗೆ ಗೊತ್ತಿತ್ತು. ಕಶ್ಯಪನ ತಾಯಿ ಸುಂದರಮ್ಮ ಪ್ರತಿ ಸೋಮವಾರ ಮಗನ ಹಣೆಗೆ ದಪ್ಪಗೆ ವಿಭೂತಿ ಬಳಿದು ಕಳಿಸುತ್ತಿದ್ದರು. ಒರೆಸಿಕೊಳ್ಳಲು ಅವನ ಕೈ ಏಳದು. ನಿಲುವಂಗಿ ತೊಡುವ ಮುಂಚೆ ಮೋನಿಷಾಳೇ ಒದ್ದೆ ಕರ್ಚೀಫಿನಿಂದ ಒರೆಸುತ್ತಿದ್ದಳು. ಅವರ ಪ್ರೀತಿ ಹುಟ್ಟಿದ್ದೇ ಹಾಗೆ.

ಅವತ್ತು ಮಾತ್ರ ಒರೆಸಲಿಲ್ಲ. ಅಮ್ಮನಿಗೆ ನಮ್ಮ ವಿಷಯ ಹೇಳಲು ಇನ್ನೊಂದು ವರ್ಷ ತಡಿ ಅಂದಿದ್ದ, ಹೇಡಿ. ಕೆಡಲಿ ಎಲ್ಲಾ... ಅಂತ ನೋಡಿಯೂ ನೋಡದವಳಂತೆ ನಿಂತಿದ್ದಳು.

ಮುಂದಿನ ಸೋಮವಾರದ ಹೊತ್ತಿಗೆ, ಆ ದೂಳು ಬೂದಿ ಅಂತ ಪರೀಕ್ಷೆಯಲ್ಲಿ ತಿಳಿಯಿತು. ಕಶ್ಯಪ್ ಬಿನ್ನಿಪೇಟೆಗೆ ಓಡಿ ಬಂದ. ತಪ್ಪು ತನ್ನದೆಂದು ಮೇಲಿನವರಿಗೆ ಹೇಳಿದ್ದೇನೆ, ನಿನ್ನನ್ನು ವಾಪಸ್ ಕರೀತಿದ್ದಾರೆ ಅಂದ. ಮಾರಕ್ಕ ಕೂತ್ಕೋ ಅನ್ನಲಿಲ್ಲ.

"ನನಗೆ ಗೊತ್ತಿತ್ತು ಕಣೋ. ಬೇಕಂತಲೇ ಒರೆಸ್ದೆ ಬಿಟ್ಟೆ," ಅಂದಳು ಮೋನಿಷಾ.

"ಅದು ನಿನ್ನ ಕೆಲಸಾನೂ ಆಗಿತ್ತಲ್ಲೇ..."

"ಹೌದು. ನಾನು ಬಿಲ್ಲೆ ಕೆಡಿಸ್ದೆ. ನೀನು ಜಾತಿ ಎತ್ತಿ ಆಡ್ದೆ. ಎರಡೂ ಒಂದೇನಾ?"

"ಅಲ್ಲ." ತಲೆ ತಗ್ಗಿಸಿದ. "ಕ್ಷಮಿಸು ಅನ್ನೋ ಮುಖ ಇಲ್ಲ. ನೀನಿಲ್ದೆ ಇರಕ್ಕೂ ಆಗ್ತಿಲ್ಲ."

ಅವನ ಹಣೆಯ ತುಂಬ ವಿಭೂತಿ.

"ಮತ್ತೆ ಇದನ್ಯಾಕೆ ಹಾಗೇ ಇಟ್ಕೊಂಡ್ ಬಂದೆ?"

"ಕೆಲಸಕ್ಕೆ ಹೋಗ್ಬೇಕು. ನೀನೇ ಒರೆಸ್ಲಿ ಅಂತ."

"ಕದ್ದು ಒರೆಸಲ್ಲ ಇನ್ನು. ನಿಮ್ಮಮ್ಮನ ಎದುರಿಗೇ ಒರೆಸ್ತೀನಿ."

"ಬೀದಿ ಕೊನೇಲಿ ಆಟೋದಲ್ಲಿ ಕೂತಿದಾರೆ."

"ಒಪ್ಪಿದಾರಾ?"

"ಇಲ್ಲ. ಬಂದಿದಾರೆ."

ಅವಳು ಕರ್ಚೀಫು ಒದ್ದೆ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ಆಟೋದೊಳಗಿಂದ ಸುಂದರಮ್ಮ ಮುಖ ಗಂಟಿಕ್ಕಿ ನೋಡುತ್ತಿರುವಾಗಲೇ ಅವನ ಹಣೆಗೆ ಕೈ ಹಾಕಿದಳು.

"ಕಣ್ಣಿಗೆ ಬೀಳುತ್ತೆ ಕಣೇ, ಉರಿಯುತ್ತೆ..." ಅಂದ ಕಶ್ಯಪ್.

"ಉರೀಲಿ," ಅಂದಳು. ಕೈ ಮಾತ್ರ ಮೆಲ್ಲಗೆ ಒರೆಸುತ್ತಿತ್ತು.